ಡ್ರೈ ಫೈರ್ ಆದ ಬಿಲ್ಲನ್ನು ‘ಟೆಸ್ಟ್’ ಮಾಡಲು ಎಳೆಯಬೇಡಿ

ಬಾಣ ಇಲ್ಲದೆ ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ಗಾಲಿ ಇರುವ ಬಿಲ್ಲಿನ) ಸ್ಟ್ರಿಂಗ್ ಕೈಜಾರಿದರೆ, ಅಂದರೆ ಡ್ರೈ ಫೈರ್ ಆದರೆ, ಬಹಳ ಜನ ಮಾಡುವುದು ಒಂದೇ ಕೆಲಸ. ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾರೆ, ಏನೂ ಮುರಿದಂತೆ ಕಾಣದಿದ್ದರೆ ‘ಸರಿ ಇದೆಯಾ ನೋಡೋಣ’ ಅಂತ ಮತ್ತೆ ಎಳೆಯುತ್ತಾರೆ. ನನ್ನ ಪ್ರಕಾರ ಡ್ರೈ ಫೈರ್‌ಗಿಂತ ಅಪಾಯ ಈ ಎರಡನೇ ಎಳೆತ. ಮೊದಲ ಏಟಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟ ಲಿಂಬ್ (ಬಿಲ್ಲಿನ ಬಾಗುವ ತೋಳು), ಈಗ ಮುಖದ ಮುಂದೆಯೇ ಸಿಡಿಯಬಹುದು.

ಲೆಕ್ಕ ನೋಡಿ. 350 ಗ್ರೇನ್, ಅಂದರೆ ಸುಮಾರು 22.7 ಗ್ರಾಂನ ಬಾಣ ಸೆಕೆಂಡಿಗೆ 300 ಅಡಿ ವೇಗದಲ್ಲಿ ಹೊರಟರೆ ತನ್ನ ಜೊತೆ ಹೆಚ್ಚುಕಮ್ಮಿ 95 ಜೂಲ್ ಶಕ್ತಿ ಒಯ್ಯುತ್ತದೆ. ಬಾಣವೇ ಇಲ್ಲದಿದ್ದರೆ ಅಷ್ಟನ್ನೂ ಲಿಂಬ್, ಅದರ ತುದಿಯ ಗಾಲಿಯಾದ ಕ್ಯಾಮ್, ಆ ಗಾಲಿ ತಿರುಗುವ ಆಕ್ಸಲ್, ಕೇಬಲ್‌ಗಳೇ ತಡೆದುಕೊಳ್ಳಬೇಕು. ಕೆಲವು ಕಂಪನಿಗಳು ಡ್ರೈ ಫೈರ್ ಮಾಡಿಯೇ ಬಿಲ್ಲಿನ ಗಟ್ಟಿತನ ಪರೀಕ್ಷಿಸುತ್ತವೆ, ನಿಜ. ಆದರೆ ವಾರಂಟಿ ಕೇಳಲು ಹೋದಾಗ ಡ್ರೈ ಫೈರ್ ಸಾಮಾನ್ಯವಾಗಿ ಅದರ ಹೊರಗೇ ಇರುತ್ತದೆ.

ಸ್ಟ್ರಿಂಗ್ ಕ್ಯಾಮಿನಿಂದ ಆಚೆ ಬಿದ್ದಿದ್ದರೆ ಕೈಯಿಂದ ಕೂರಿಸುವ ಸಾಹಸ ಬೇಡ. ಲಿಂಬ್‌ಗಳು ಇನ್ನೂ ಬಿಗಿಯಾಗಿಯೇ ಇರುತ್ತವೆ, ಅದು ಲಿಂಬ್‌ಗಳನ್ನು ಒತ್ತಿ ಬಾಗಿಸಿ ಸ್ಟ್ರಿಂಗ್ ಸಡಿಲಿಸುವ ಬೋ ಪ್ರೆಸ್ ಯಂತ್ರದ ಕೆಲಸ. ಬಿದ್ದಿಲ್ಲವೇ? ಒಂದು ಹತ್ತಿ ಉಂಡೆ ತೆಗೆದುಕೊಂಡು ಲಿಂಬ್‌ಗಳ ಎರಡೂ ಅಂಚಿಗೆ, ಮೇಲ್ಮೈಗೆ ಮೆಲ್ಲಗೆ ಸವರಿ. ಎಳೆ ಸಿಕ್ಕಿಕೊಂಡ ಕಡೆ ಸೀಳು ಇದೆ. ಬೆರಳು ಸವರಬೇಡಿ, ಫೈಬರ್ ಚೂರು ಚರ್ಮದೊಳಗೆ ಹೋದರೆ ತೆಗೆಯುವುದು ಕಷ್ಟ. ಆಕ್ಸಲ್ ಕೂರುವ ತುದಿಯನ್ನೂ ಲಿಂಬ್ ಪಾಕೆಟ್ (ಲಿಂಬಿನ ಬುಡ ಕೂರುವ ಜಾಗ) ಹತ್ತಿರದ ಭಾಗವನ್ನೂ ಎರಡೆರಡು ಸಲ ನೋಡಿ. ಸ್ಪ್ಲಿಟ್ ಲಿಂಬ್ (ಮೇಲೆ ಎರಡು, ಕೆಳಗೆ ಎರಡು) ಆಗಿದ್ದರೆ ನಾಲ್ಕರ ಒಳ ಅಂಚನ್ನೂ ಬಿಡಬೇಡಿ, ಅಲ್ಲಿ ಕಣ್ಣು ಹೋಗುವುದೇ ಕಡಿಮೆ.

ಆಮೇಲೆ ಪ್ರೆಸ್‌ಗೆ ಹಾಕಿ ಸಡಿಲಿಸಿ ಕ್ಯಾಮ್ ಬಗ್ಗಿದೆಯಾ, ಅಂಚು ತರಚಿದೆಯಾ ನೋಡಬೇಕು. ಆಕ್ಸಲ್ ತೆಗೆದು ಗಾಜಿನ ಮೇಲೆ ಉರುಳಿಸಿ, ಸೊಟ್ಟಗಿದ್ದರೆ ಕುಂಟುತ್ತದೆ. ಸ್ಟ್ರಿಂಗಿನ ಒಂದೇ ಎಳೆ ಕಡಿದಿದ್ದರೂ ಸ್ಟ್ರಿಂಗ್ ಬದಲಿಸಿ, ಅಲ್ಲಿ ಉಳಿತಾಯ ಬೇಡ. ಎಲ್ಲ ಸರಿಯಿದ್ದರೆ ಆಕ್ಸಲ್‌ನಿಂದ ಆಕ್ಸಲ್‌ಗೆ ಇರುವ ಅಳತೆ, ಬ್ರೇಸ್ ಹೈಟ್ (ಹಿಡಿಯಿಂದ ಸ್ಟ್ರಿಂಗ್‌ವರೆಗಿನ ದೂರ), ಡ್ರಾ ವೇಯ್ಟ್ (ಎಳೆಯಲು ಬೇಕಾದ ಬಲ) ಮೂರನ್ನೂ ಆ ಬಿಲ್ಲಿನ ಮೂಲ ಅಳತೆಗೆ ಹೋಲಿಸಿ. ಮೊದಲ ಎಳೆತ ಡ್ರಾ ಬೋರ್ಡ್ (ಬಿಲ್ಲನ್ನು ಕಟ್ಟಿ ಎಳೆಯುವ ಹಲಗೆ) ಮೇಲೆ, ಕೈಯಲ್ಲಲ್ಲ. ಕೆಲವು ಸಲ ಎಳೆದು ಸಡಿಲಿಸಿದ ಮೇಲೆ ಮತ್ತೊಮ್ಮೆ ಹತ್ತಿ ಆಡಿಸಿ.

ಇದಕ್ಕೆಲ್ಲ ಕಾರಣ ಬಹುಪಾಲು ಕುತೂಹಲ. ಬೇರೆಯವರ ಬಿಲ್ಲು ಸಿಕ್ಕಿದರೆ ‘ಸುಮ್ಮನೆ ಎಳೆದು ನೋಡೋಣ’ ಅನ್ನಿಸುತ್ತದೆ. 60 ಪೌಂಡ್ ಬಿಲ್ಲು 80% ಲೆಟ್-ಆಫ್‌ನಲ್ಲಿ (ಪೂರ್ತಿ ಎಳೆದಾಗ ಭಾರ ಇಳಿಯುವ ಪ್ರಮಾಣ) ಪೂರ್ತಿ ಎಳೆದಾಗ ಕೈಗೆ 12 ಪೌಂಡ್ ಅಷ್ಟೇ. ವಾಪಸ್ ಬಿಡುವಾಗ ಭಾರ ಏಕಾಏಕಿ ಮರಳಿ ಬಂದು ಕೈ ಎಳೆದುಕೊಂಡು ಹೋಗುತ್ತದೆ. ಅಥವಾ ಎಳೆಯುವಾಗಲೇ ಬೆರಳು ರಿಲೀಸ್‌ನ (ಸ್ಟ್ರಿಂಗ್ ಹಿಡಿದು ಬಿಡುವ ಸಾಧನ) ಟ್ರಿಗರ್‌ಗೆ ತಗುಲುತ್ತದೆ. ಹಾಗಾಗಿ ಅಳತೆ ನೋಡುವುದಕ್ಕಾದರೂ ಬಾಣ ಹೂಡಿ, ಟಾರ್ಗೆಟ್ ಕಡೆಗೇ ನಿಂತು ಎಳೆಯಿರಿ. ಡಿ-ಲೂಪ್ (ರಿಲೀಸ್ ಸಿಕ್ಕಿಸಲು ಸ್ಟ್ರಿಂಗಿಗೆ ಕಟ್ಟಿದ ಚಿಕ್ಕ ಹಗ್ಗದ ಕುಣಿಕೆ) ಸವೆದಿದ್ದರೆ ಅದನ್ನೂ ಹೊಸದಾಗಿ ಕಟ್ಟಿಸಿ.

ಬಾಣ ಇದ್ದೂ ಆಗುವ ಡ್ರೈ ಫೈರ್ ಬಗ್ಗೆ ಯಾಕೋ ಯಾರೂ ಹೆಚ್ಚು ಮಾತಾಡುವುದಿಲ್ಲ. ಡ್ರಾ ವೇಯ್ಟಿನ ಪ್ರತಿ ಪೌಂಡಿಗೆ 5 ಗ್ರೇನ್‌ಗಿಂತ ಹಗುರದ ಬಾಣ ಬಿಟ್ಟರೆ ಬಿಲ್ಲಿಗೆ ಬೀಳುವ ಹೊಡೆತ ಅರ್ಧ ಡ್ರೈ ಫೈರ್ ಇದ್ದಂತೆಯೇ. ಬಿರುಕು ಬಿಟ್ಟ ನಾಕ್ (ಸ್ಟ್ರಿಂಗ್ ಹಿಡಿಯುವ ಬಾಣದ ಹಿಂತುದಿ) ಒಡೆದರೆ ಪೂರ್ತಿ. ನಾಕ್ ಹಿಡಿತ ನೋಡುವುದು ಸುಲಭ: ಬಿಲ್ಲನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಬಾಣವನ್ನು ಸ್ಟ್ರಿಂಗ್‌ಗೆ ನೇತುಹಾಕಿ. ತಾನಾಗಿ ಬೀಳಬಾರದು, ಸ್ಟ್ರಿಂಗಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬೀಳಬೇಕು.