ಮಂಗ ಸತ್ತಿದ್ದು ನಾವು ಹೇಳ್ತೀವಿ, ವರದಿ ನಮಗೆ ಯಾಕೆ ಬರಲ್ಲ?

'ಮಲೆನಾಡಿನ ಜನರಲ್ಲಿ ಜಾಗೃತಿ ಇಲ್ಲ, ಅದಕ್ಕೇ ಮಂಗನ ಕಾಯಿಲೆ ಹತೋಟಿಗೆ ಬರ್ತಿಲ್ಲ' ಅಂತ ಬರೆದಿದ್ದೀರಲ್ಲ, ಇದನ್ನು ನಾನು ಒಪ್ಪಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ ಇದು, ಇಲ್ಲಿ ಮಕ್ಕಳಿಗೂ ಗೊತ್ತು. ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದಿದ್ದು ಕಂಡರೆ ಯಾರೂ ಮುಟ್ಟಲ್ಲ, ಆಶಾ ಕಾರ್ಯಕರ್ತೆಗೆ ಫೋನ್ ಮಾಡ್ತೀವಿ. ಅವರು ಬರ್ತಾರೆ, ಮಾದರಿ ಪರೀಕ್ಷೆಗೆ ಹೋಗುತ್ತೆ. ಆಮೇಲೆ? ಅದರಲ್ಲಿ ವೈರಸ್ ಇತ್ತಾ ಇಲ್ವಾ ಅಂತ ಊರಿಗೆ ತಿಳಿಸೋರೇ ಇಲ್ಲ. ಈ ಕಾಯಿಲೆ ನಮಗೆ ಹರಡೋದು ಉಣ್ಣೆ ಕಚ್ಚಿ; ಮಂಗ ಸತ್ತ ಮೇಲೆ ಮೈಮೇಲಿನ ಉಣ್ಣೆಗಳು ಅಲ್ಲೇ ಕೆಳಗೆ ಉದುರಿರುತ್ತವೆ, ಮರಿ ಉಣ್ಣೆಯಂತೂ ಎಳ್ಳಿಗಿಂತ ಸಣ್ಣದು, ಕಣ್ಣಿಗೇ ಬೀಳಲ್ಲ, ಅದೇ ಜಾಗದಲ್ಲಿ ಮಾರನೇ ದಿನ ಹೆಂಗಸರು ಕೊಟ್ಟಿಗೆಗೆ ಅಂತ ತರಗೆಲೆ ಗುಡಿಸಿ ಕುಕ್ಕೆ ತುಂಬಿ ತಲೆ ಮೇಲೆ ಹೊತ್ತು ತರ್ತಾರೆ. ಮಂಗ ಸತ್ತ ಜಾಗದ ಸುತ್ತ 50 ಅಡಿ ಉಣ್ಣೆ ಸಾಯಿಸೋ ಪುಡಿ ಹಾಕಬೇಕು ಅನ್ನೋ ನಿಯಮ ಇದೆ, ಸರಿ. ಅದು ತಡ ಆದರೆ ಏನು ಪ್ರಯೋಜನ?

ಪೇಪರಲ್ಲಿ ಬರೋ 'ಜಿಲ್ಲೆಯಲ್ಲಿ ಇಷ್ಟು ಪ್ರಕರಣ' ಅನ್ನೋ ಲೆಕ್ಕ ನಮಗೆ ಸುಮ್ನೆ ಭಯ ಹುಟ್ಟಿಸುತ್ತೆ, ಅಷ್ಟೇ. ಯಾವ ಊರು, ಯಾವ ಗುಡ್ಡ ಅಂತ ಹೇಳಿದರೆ ತಾನೇ ಆ ಕಡೆ ಹೋಗದೆ ಇರೋಕೆ ಆಗೋದು? ಹಳೇ ಲಸಿಕೆ ಹೆಚ್ಚು ಕೆಲಸ ಮಾಡ್ತಿಲ್ಲ ಅಂತ ನಿಲ್ಲಿಸಿದ ಮೇಲೆ ನಮಗಿರೋದು ಉಣ್ಣೆ ಕಚ್ಚದಂತೆ ಮೈಗೆ ಹಚ್ಚೋ ಎಣ್ಣೆ ಮತ್ತು ಈ ಮಾಹಿತಿ ಮಾತ್ರ. ರೋಗಿಯ ಹೆಸರು ಬೇಡ, ಜಾಗದ ಹೆಸರು ಸಾಕು. ಕಾಯಿಲೆ ಜೋರಾಗಿರೋ ಡಿಸೆಂಬರ್‌ನಿಂದ ಮೇ ತನಕ ವಾರಕ್ಕೊಮ್ಮೆ ಪಂಚಾಯಿತಿ ಬೋರ್ಡಿಗೆ ಹಾಕಿ.