ಬೀಗ ಹಾಕದ ಬೇಕರಿ

ಅರ್ಜೆಂಟೀನಾ ಅಂದ ಕೂಡಲೇ ಎಲ್ಲರಿಗೂ ಟ್ಯಾಂಗೋ ನೆನಪಾಗುತ್ತದೆ. ಸ್ವಲ್ಪ ಜಾಸ್ತಿ ತಿಳಿದವರು ಬಯಲು, ಕುದುರೆ, ದನ ಮೇಯಿಸುವ ಗೌಚೋ ಅನ್ನುತ್ತಾರೆ. ನನಗೆ ಮಾತ್ರ ಅಲ್ಲಿನ ಜನಪದ ಸಂಗೀತ ಅಂದರೆ ಒಂದು ಬೇಕರಿಯ ಬಾಗಿಲು.

ದೇಶದ ವಾಯುವ್ಯ ಮೂಲೆಯ ಸಾಲ್ತಾದಲ್ಲಿ ಹುವಾನ್ ರಿಯೇರಾ ಅಂತ ಒಬ್ಬರಿದ್ದರು. ಬ್ರೆಡ್ ಮಾಡಿ ಮಾರುವುದು ಅವರ ಕೆಲಸ. ಬಡವರು ಬಂದು ತೆಗೆದುಕೊಳ್ಳಲಿ ಅಂತ ರಾತ್ರಿ ಬಾಗಿಲು ತೆರೆದೇ ಇಡುತ್ತಿದ್ದರಂತೆ. ಸಾಲ್ತಾದವರೇ ಆದ ಕವಿ ಮನುಯೆಲ್ ಕಾಸ್ತಿಯಾ ಈ ರಿಯೇರಾ ಮೇಲೆ ಪದ ಕಟ್ಟಿದರು. ಗುಸ್ತಾವೋ ಲೆಗಿಸಮೋನ್ ರಾಗ ಹಾಕಿದರು. ಇವರು ವಕೀಲರು, ಎಲ್ಲರ ಬಾಯಲ್ಲಿ 'ಕುಚಿ'. ಬಡವರಿಗೆ ಬಾಗಿಲು ತೆರೆದಿಟ್ಟವರ ಹತ್ತಿರ ಕದಿಯಬೇಕು ಅಂದರೂ ಹೇಗೆ ಕದಿಯೋದು ಅಂತ ಕೇಳುತ್ತದೆ ಆ ಹಾಡು. ಅಷ್ಟೇ. ಭಾಷಣ ಇಲ್ಲ, ಘೋಷಣೆ ಇಲ್ಲ.

'ದುಡಿಯುವ ಜನ' ಅಂತ ಸುಮ್ನೆ ಹಾಡುವ ಹಾಡುಗಳು ನನ್ನನ್ನು ತಟ್ಟುವುದಿಲ್ಲ. ಈ ಇಬ್ಬರು ಹೆಸರು ಹಿಡಿದು ಹಾಡಿದರು. ಅದಕ್ಕೇ ಆ ಊರು ನನಗೆ ಕಣ್ಣಿಗೆ ಕಟ್ಟಿದೆ.

ಎವುಲೋಹಿಯಾ ತಾಪಿಯಾ ಅವರ ಮೇಲೆ ಕಟ್ಟಿದ ಹಾಡೂ ಹಾಗೇ. ಸುಮಾರು 3000 ಮೀಟರ್ ಎತ್ತರದ ಲಾ ಪೋಮಾ ಎಂಬ ಪುಟ್ಟ ಊರಿನ ಹೆಣ್ಣುಮಗಳು. ಕಾರ್ನಿವಲ್ ಹೊತ್ತಿಗೆ ನಿಂತ ನಿಲುವಿನಲ್ಲೇ ಪದ ಕಟ್ಟಿ ಹಾಡುವವರು. ಹಾಡಿನಲ್ಲಿ ಆಕೆ ಗೋಧಿ ಕೊಯ್ಯುತ್ತಾರೆ. ಕುದುರೆಮಸಾಲೆ ಅನ್ನುವ ಮೇವಿನ ಹೂ ನೋಡುತ್ತಾ ನೋಡುತ್ತಾ ಅವರ ಕಪ್ಪು ಕಣ್ಣು ನೀಲಿಯಾಗುತ್ತದೆ. ಬಿಳಿ ಕುದುರೆಯ ಮೇಲೆ ಬರುವಾಗ ಕೈಯಲ್ಲಿನ ಸಣ್ಣ ಚರ್ಮವಾದ್ಯ ನಡುಗುತ್ತದೆ. ಕೊಯ್ಲು ಮಾಡುವ ಹೆಂಗಸನ್ನು ಇಷ್ಟು ಹತ್ತಿರದಿಂದ, ಇಷ್ಟು ಮರ್ಯಾದೆಯಿಂದ ನೋಡಿದ ಹಾಡು ನಾನು ಬೇರೆ ಕೇಳಿಲ್ಲ.

ಇವೆಲ್ಲ ಸಾಂಬಾಗಳು. ಬ್ರೆಜಿಲ್‌ನ ಸಾಂಬಾ ಅಲ್ಲ. ಕೈಯಲ್ಲಿ ಕರ್ಚೀಫು ಬೀಸುತ್ತಾ ಜೋಡಿಯಾಗಿ ಕುಣಿಯುವ, ನಿಧಾನದ ಕುಣಿತ. ಗಿಟಾರ್ ಜೊತೆಗೆ ಬೊಂಬೋ ಇರುತ್ತದೆ: ಮರದ ದಿಮ್ಮಿ ಕೊರೆದು, ರೋಮ ಇರುವ ಚರ್ಮವನ್ನೇ ಬಿಗಿದ ದೊಡ್ಡ ಡೋಲು.

ಮೊದಲ ಸಲ ಕೇಳುವವರು 'ಬಾಲ್ದೆರ್ರಾಮಾ'ದಿಂದ ಶುರು ಮಾಡಿ. ಇದೂ ಕಾಸ್ತಿಯಾ-ಲೆಗಿಸಮೋನ್ ಜೋಡಿಯದು. ಅಲ್ಲಿನ ಗಾಯಕಿ ಮರ್ಸಿಡಿಸ್ ಸೋಸಾ ಹಾಡಿರುವುದನ್ನೇ ಕೇಳಿ. ಬಾಲ್ದೆರ್ರಾಮಾ ಅನ್ನುವುದು ಸಾಲ್ತಾದಲ್ಲಿ ಕಾಲುವೆ ಪಕ್ಕದ ಒಂದು ಹೋಟೆಲು. ಹಾಡುವವರು, ಕವಿಗಳು ರಾತ್ರಿಯೆಲ್ಲ ಅಲ್ಲೇ ಕೂರುತ್ತಿದ್ದರು. ಹಾಡಿನಲ್ಲಿ, ಬೆಳಗಾದಾಗ ರಾತ್ರಿಯೇ ಹಾಡಿಕೊಂಡು ಅಲ್ಲಿಂದ ಹೊರಗೆ ಬರುತ್ತದಂತೆ. ಕೊನೆಗೆ ಒಂದು ಆತಂಕ: ಬಾಲ್ದೆರ್ರಾಮಾದ ದೀಪ ಆರಿಹೋದರೆ ನಾವೆಲ್ಲ ಎಲ್ಲಿಗೆ ಹೋಗೋದು? ಆ ಸಾಲಿಗೆ ಬಂದಾಗ ಸೋಸಾ ಅವರ ದನಿ ಕೇಳಿ.