ಸ್ಪಷ್ಟನೆ: ಕಂಟೇನರ್ ಅಳಿಸಿದರೆ ಚಾಟ್ ಉಳಿಯುತ್ತದೆ ಎಂದು ನಾನು ಬರೆದದ್ದು ತಪ್ಪು

"ಮ್ಯಾಟ್ರಿಕ್ಸ್ ಚಾಟ್ ಸರ್ವರ್ ಅಪ್‌ಡೇಟ್ ಮಾಡಲು ಹಳೇ ಕಂಟೇನರ್ ಅಳಿಸಿ, ಹೊಸದು ಹಾಕಿ. ಮೆಸೇಜ್ ಎಲ್ಲಾ ಹಾಗೇ ಇರುತ್ತವೆ." ಮೈಸೂರಿನ ಗೆಳೆಯರ ಗುಂಪಿಗೆ ನಾನೇ ಬರೆದ ಸಾಲು ಇದು. (ಮ್ಯಾಟ್ರಿಕ್ಸ್ ಎಂದರೆ ನಮ್ಮದೇ ಸರ್ವರ್‌ನಲ್ಲಿ ನಡೆಸಬಹುದಾದ ಚಾಟ್ ವ್ಯವಸ್ಥೆ. ಕಂಟೇನರ್ ಎಂದರೆ ಡಾಕರ್ ಎಂಬ ತಂತ್ರಾಂಶ ಒಂದು ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿ.) ಈಗ ಮಂಡ್ಯದ ಗುಂಪುಗಳಲ್ಲೂ ಓಡಾಡುತ್ತಿದೆ. ಇದು ತಪ್ಪು.

ಸರಿಯಾದದ್ದು ಇಷ್ಟು: ಕಂಟೇನರ್ ಒಳಗೇ ಬರೆದ ಡೇಟಾ ಕಂಟೇನರ್ ಜೊತೆಗೇ ಹೋಗುತ್ತದೆ. ಹೊರಗಿನ ಫೋಲ್ಡರ್‌ನಲ್ಲೋ ಹೆಸರಿಟ್ಟ ವಾಲ್ಯೂಮ್‌ನಲ್ಲೋ (ಕಂಟೇನರ್ ಹೊರಗೆ ಡಾಕರ್ ಇಟ್ಟುಕೊಳ್ಳುವ ಡೇಟಾ ಜಾಗ) ಇಟ್ಟದ್ದು ಮಾತ್ರ ಹೊಸ ಕಂಟೇನರ್‌ಗೂ ಸಿಗುತ್ತದೆ. ಸುಮ್ನೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಏನೂ ಆಗಲ್ಲ, ಅಳಿಸಿದಾಗಲೇ ತೊಂದರೆ.

ಭಾನುವಾರ ಕುವೆಂಪುನಗರದ ಮನೆಯಲ್ಲಿ, ಹಳೇ ಲ್ಯಾಪ್‌ಟಾಪ್ ಮೇಲೆ ಪರೀಕ್ಷಿಸಿದೆ. ಮ್ಯಾಟ್ರಿಕ್ಸ್ ಸರ್ವರ್ ತಂತ್ರಾಂಶವಾದ ಸಿನಾಪ್ಸ್‌ನ ಡೇಟಾ ಫೋಲ್ಡರ್ ಕಂಟೇನರ್ ಹೊರಗಿತ್ತು. ಮೆಸೇಜ್, ಬಳಕೆದಾರರ ವಿವರ ಇರುವ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಗೆ ಮಾತ್ರ ಹೆಸರಿಟ್ಟ ವಾಲ್ಯೂಮ್ ಕೊಟ್ಟಿರಲಿಲ್ಲ. ಒಂದು ರೂಮ್ ಮಾಡಿ "ಊಟ ಆಯ್ತಾ" ಎಂದು ಬರೆದೆ. ಡಾಕರ್ ಕಂಪೋಸ್ ಡೌನ್ (ಕಂಟೇನರ್‌ಗಳನ್ನು ನಿಲ್ಲಿಸಿ ಅಳಿಸುವ ಆದೇಶ) ಕೊಟ್ಟೆ, ಆಮೇಲೆ ಅಪ್ (ಹೊಸದಾಗಿ ಶುರು ಮಾಡುವ ಆದೇಶ). ಸರ್ವರ್ ನಗುನಗುತ್ತಾ ಎದ್ದಿತು, ಆದರೆ ಲಾಗಿನ್ನೇ ಆಗಲಿಲ್ಲ. ಹೊಸ ಡೇಟಾಬೇಸ್ ಖಾಲಿ, ಬಳಕೆದಾರರೇ ಇಲ್ಲ!

ಈಗಾಗಲೇ ಹೀಗಾಗಿದ್ದರೆ ಗಾಬರಿ ಬೇಡ, ದಯವಿಟ್ಟು ವಾಲ್ಯೂಮ್ ಪ್ರೂನ್ (ಬಳಕೆಯಲ್ಲಿಲ್ಲದ ವಾಲ್ಯೂಮ್ ಅಳಿಸುವ ಆದೇಶ) ಮಾತ್ರ ಹೊಡೆಯಬೇಡಿ. ಪೋಸ್ಟ್‌ಗ್ರೆಸ್ ಇಮೇಜ್ (ಕಂಟೇನರ್ ತಯಾರಾಗುವ ಅಚ್ಚು) ತಾನಾಗಿ ಮಾಡಿಕೊಂಡ, ಹೆಸರಿಲ್ಲದ ವಾಲ್ಯೂಮ್ ಡಿಸ್ಕ್‌ನಲ್ಲಿ ಇನ್ನೂ ಇರಬಹುದು. ಡಾಕರ್ ವಾಲ್ಯೂಮ್ ಎಲ್ಎಸ್ (ಇರುವ ವಾಲ್ಯೂಮ್‌ಗಳ ಪಟ್ಟಿ ತೋರಿಸುವ ಆದೇಶ) ಕೊಟ್ಟು ನೋಡಿ. ನನ್ನದು ಅಲ್ಲೇ ಇತ್ತು.

ಹೆಸರಿಟ್ಟ ವಾಲ್ಯೂಮ್ ಬರೀ ಡೌನ್‌ಗೆ ಹೋಗುವುದಿಲ್ಲ. ಡೌನ್ ಜೊತೆ ಹೈಫನ್ ವಿ (-v) ಸೇರಿಸಿದರೆ ಅದೂ ಹೋಗುತ್ತದೆ. ಅಪ್‌ಡೇಟ್‌ಗೆ ಮೊದಲು ಪಿಜಿ ಡಂಪ್ (pg_dump, ಡೇಟಾಬೇಸ್‌ನ ನಕಲು) ತೆಗೆಯಿರಿ, ಡೇಟಾ ಫೋಲ್ಡರ್‌ನ ನಕಲೂ ಇಡಿ. ಸೈನಿಂಗ್ ಕೀ (ಸರ್ವರ್‌ನ ಗುರುತು ಸಾಬೀತು ಮಾಡುವ ಕೀಲಿ), ಫೋಟೋಗಳು ಇರುವುದು ಆ ಫೋಲ್ಡರ್‌ನಲ್ಲೇ ಅಲ್ವಾ?

ನನ್ನ ಹಳೇ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ. ಯಾರಿಗಾದರೂ ಕಳಿಸಿದ್ದರೆ ಇದನ್ನೂ ಕಳಿಸಿ.